ಅಕ್ಕೋರ ಸನ್ನೆಗಳು, ಗೇಣುದ್ದದ ವಾಯರು

ಹೊರಗಿಟ್ಟು ಬಳಸುವ ಹಾರ್ಡ್ ಡಿಸ್ಕೊಂದನ್ನು ಯಾವ ಬಗೆಯಲ್ಲಿ ಜೋಡಿಸಬೇಕು ಎಂಬುದು ಅಂಗಡಿಯವರು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ವಿಷಯ. ಚಿಕ್ಕೋಡಿಯ ನಮ್ಮ ಕಿವುಡ ಮಕ್ಕಳ ವಸತಿ ಶಾಲೆಯಲ್ಲಿ ಅದೇ ಪ್ರಶ್ನೆ ಒಂದು ಮಳೆಗಾಲವನ್ನೇ ತೆಗೆದುಕೊಂಡಿತು. ಆ ಡಿಸ್ಕಿನೊಳಗೆ ಒಬ್ಬರ ಕೈಗಳಿದ್ದವು. ಅವುಗಳ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ.

ಆ ಕೈಗಳು ನಮ್ಮ ಹಿರಿಯ ಶಿಕ್ಷಕಿಯವು. ಈ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುವುದು ರೂಢಿ. ನಾನೂ ಅವರನ್ನು ಹಾಗೆಯೇ ಕರೆಯುತ್ತೇನೆ. ರಾಯಬಾಗ ತಾಲ್ಲೂಕಿನ ಜೈನ ಒಕ್ಕಲು ಮನೆತನದಲ್ಲಿ ಹುಟ್ಟಿದ ಅವರು ಹುಟ್ಟಾ ಕಿವುಡರು. ಕನ್ನಡವನ್ನೂ ಮರಾಠಿಯನ್ನೂ ಓದಿ ಬರೆಯುತ್ತಾರೆ. ಬೆಲ್ಲ ತಯಾರಿಸುವ ಕಬ್ಬಿನ ಗಾಣ, ದ್ರಾಕ್ಷಿ ತೋಟದ ಔಷಧಿ ಪಂಪು, ಕೊಲ್ಹಾಪುರದ ಬಸ್ಸು, ಬೆಳಗಾವಿಯ ಬಸ್ಸು ಮುಂತಾದ ಈ ಸೀಮೆಯ ಎಷ್ಟೋ ವಸ್ತುಗಳಿಗೆ ಅಚ್ಚಾದ ಸಂಜ್ಞಾ ಕೋಶಗಳಲ್ಲಿ ಸನ್ನೆಗಳಿಲ್ಲ. ತಲೆಮಾರುಗಳ ಮಕ್ಕಳೂ ಅಕ್ಕೋರೂ ಸೇರಿ ಅವನ್ನು ರೂಪಿಸಿಕೊಂಡಿದ್ದರು. ಎರಡು ಬೇಸಿಗೆ ರಜೆಗಳಲ್ಲಿ ಶಾಲೆಯ ಅಂಗಳದಲ್ಲಿ ಕ್ಯಾಮೆರಾ ಇಟ್ಟು ಆ ಸನ್ನೆಗಳನ್ನು ಒಂದೊಂದಾಗಿ ಚಿತ್ರಿಸಿದ್ದೆವು. ಆಮೇಲೆ ಅಕ್ಕೋರ ಬೆರಳುಗಳ ಕೀಲುಗಳು ಬಿಗಿಯತೊಡಗಿದವು. ಬೇನೆ ಮುಂದುವರಿಯುವುದನ್ನು ನಿಧಾನಗೊಳಿಸಬಹುದು, ಹೋದ ಚಲನೆಯನ್ನು ಮರಳಿ ತರಲಾಗದು ಎಂದು ಮಿರಜದ ವೈದ್ಯರು ಹೇಳಿದರು. ಕ್ಯಾಮೆರಾದ ಕಾರ್ಡುಗಳನ್ನು ನಾವು ಆಗಲೇ ಅಳಿಸಿ ಬೇರೆ ಕೆಲಸಕ್ಕೆ ಬಳಸಿಬಿಟ್ಟಿದ್ದೆವು. ಶಾಲೆಯ ಹಳೆಯ ಕಂಪ್ಯೂಟರು ಕೆಟ್ಟು ಹೋಗಿತ್ತು. ಉಳಿದದ್ದು ಅಂಗೈಯಗಲದ ಆ ಕಪ್ಪು ಡಿಸ್ಕು ಮಾತ್ರ.

ಅಕ್ಕೋರ ಸನ್ನೆಗಳನ್ನು ನಾನಿಲ್ಲಿ ಈ ಸೀಮೆಯ ಮಾತಿನಲ್ಲೇ ಬರೆಯುತ್ತೇನೆ. ಅವರ ಕೈಗಳು ಗ್ರಾಂಥಿಕ ಕನ್ನಡ ಆಡುವುದಿಲ್ಲ.

ಶಾಲೆಯ ಕಾರ್ಯಕ್ರಮಗಳ ಸಂಯೋಜಕನಾಗಿ ಡಿಸ್ಕಿನ ಜವಾಬ್ದಾರಿ ನನಗೆ ಬಂದಾಗ ನನ್ನಲ್ಲಿ ಒಂದು ಸಿದ್ಧಾಂತವಿತ್ತು: ಜ್ಞಾನವನ್ನು ಒಂದು ಮೇಜಿಗೆ ಕಟ್ಟಿಹಾಕುವುದು ಅನ್ಯಾಯ. ನಮ್ಮ ವೈಫೈ ಪೆಟ್ಟಿಗೆಯ ಬೆನ್ನಿನಲ್ಲಿ ಒಂದು ಯುಎಸ್‌ಬಿ ಕಿಂಡಿ ಇತ್ತು. ಡಿಸ್ಕನ್ನು ಅದಕ್ಕೆ ಜೋಡಿಸಿದರೆ ವಾಯರಿನ ಹಂಗಿಲ್ಲದೆ ಎಲ್ಲ ತರಗತಿಗಳೂ ಏಕಕಾಲಕ್ಕೆ ಅದನ್ನು ತೆರೆಯಬಹುದಾಗಿತ್ತು. ಕಾಲೇಜಿನ ಚರ್ಚಾಕೂಟಗಳಲ್ಲಿ ಕಲಿತ ಕ್ರಮದಂತೆ, ಮೊದಲು ಪ್ರತಿಪಕ್ಷದ ವಾದಗಳನ್ನು ನಾನೇ ಮುಂದಿಟ್ಟು, ಒಂದೊಂದನ್ನೂ ಖಂಡಿಸಿ, ಕೊನೆಗೆ ಸಮಾನತೆಯ ಹೆಸರಿನಲ್ಲಿ ಸಹೋದ್ಯೋಗಿಗಳ ಒಪ್ಪಿಗೆ ಬೇಡಿದೆ. ಮಾತಾಡುತ್ತಲೇ ಸನ್ನೆಯನ್ನೂ ಮಾಡುತ್ತಿದ್ದೆ.

ಅಕ್ಕೋರು ಕೊನೆಯವರೆಗೂ ನೋಡಿದರು. ಆಮೇಲೆ ಸನ್ನೆ ಮಾಡಿದರು: "ನಿನ್ನ ಮಾತು ಛಲೋ ಅದಾವ. ಗ್ವಾಡಿಗೂಳಿಗೆ ತಿಳಿಸಿ ಹೇಳಿಯೇನು?"

ಸಭೆ ನಕ್ಕಿತು, ನಾನೂ ನಕ್ಕೆ. ನಮ್ಮ ಶಾಲೆಯ ಹಳೆಯ ಭಾಗದ ಗೋಡೆಗಳು ಕರಿಕಲ್ಲಿನವು, ಮೊಳ ಮೀರಿದ ದಪ್ಪದವು. ಅದನ್ನು ಅವರು ಹಾಸ್ಯಕ್ಕೆ ಹೇಳಿದರೆಂದು ತಿಳಿದು ಕೆಲಸ ಆರಂಭಿಸಿದೆ.

ಮೊದಲ ವಾರಗಳು ಹಬ್ಬದಂತೆ ಕಳೆದವು. ಪ್ರತಿ ಕೋಣೆಯ ಪರದೆಯ ಮೇಲೂ ಅಕ್ಕೋರು ಇದ್ದರು. ಚಿತ್ರ ಆಗಾಗ ನಿಂತು ಮುಂದುವರಿಯುವುದನ್ನು ನಾನು ಗಮನಿಸಿದ್ದೆ. ಮೊಬೈಲಿನಲ್ಲಿ ಹಾಡು ಕೇಳುವಾಗಲೂ ಹಾಗಾಗುತ್ತದೆ, ಯಾರೂ ದೂರುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ದೂರು ಬಂದದ್ದು ಅಡಿಗೆಮನೆಯಿಂದ. ನಾವೆಲ್ಲ ಮೌಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ನಮ್ಮ ಅಡಿಗೆಯವರು ಕಿವಿ ಕೇಳಿಸುವವರು. ಮಕ್ಕಳೊಂದಿಗಿದ್ದು ಸನ್ನೆ ಕಲಿತವರು. ಒಂದು ಮಧ್ಯಾಹ್ನ ಸೌಟು ಹಿಡಿದುಕೊಂಡೇ ಕಚೇರಿಗೆ ಬಂದರು.

"ಸರ್, ಸಣ್ಣ ಹುಡುಗೂರಿಗೆ ದೃಷ್ಟಿ ಏನರೆ ತಾಗೇತೇನ್ರಿ? ದ್ರಾಕ್ಷಿ ಬೇಕಂತ ಕೇಳಾಕ ಬರ್ತಾವ, ನಡುವ ಕಲ್ಲಾಗಿ ನಿಂದರ್ತಾವ. ನಾ ಏನ್ ಬಡಿಸ್ಲಿ, ಯಾವಾಗ ಬಡಿಸ್ಲಿ?"

ಹೋಗಿ ನೋಡಿದೆ. ನಮ್ಮ ದ್ರಾಕ್ಷಿಯ ಸನ್ನೆಯಲ್ಲಿ ಎಡಗೈ ಗೊಂಚಲಿನಂತೆ ಇಳಿಬಿದ್ದಿರುತ್ತದೆ; ಬಲಗೈಯ ಬೆರಳುಗಳು ಮೇಲಿನಿಂದ ಕೆಳಕ್ಕೆ ಹಣ್ಣು ಬಿಡಿಸುತ್ತ ಇಳಿಯುತ್ತವೆ. ಮಕ್ಕಳ ಕೈ ಅರ್ಧ ದಾರಿಗೆ ಇಳಿದು ಗಾಳಿಯಲ್ಲಿ ನಿಂತುಬಿಡುತ್ತಿತ್ತು. ಒಂದು ಉಸಿರಿನಷ್ಟು ಹೊತ್ತಾದ ಮೇಲೆ ಥಟ್ಟನೆ ಗೊಂಚಲಿನ ತುದಿಗೆ ಜಿಗಿಯುತ್ತಿತ್ತು. ಪಂಕ್ತಿಯ ಆ ತುದಿಯಿಂದ ಈ ತುದಿಯವರೆಗೆ ಎಲ್ಲರದೂ ಒಂದೇ ರೀತಿ. ಕೆಲವರಂತೂ ಕೈ ನಿಂತಷ್ಟು ಹೊತ್ತು ಬಾಯಿಯನ್ನೂ ಅರೆತೆರೆದು, ಕಣ್ಣು ಮಿಟುಕಿಸದೆ ಇರುತ್ತಿದ್ದರು. ಪರದೆಯ ಮೇಲೆ ಅಕ್ಕೋರ ಮುಖ ನಿಲ್ಲುತ್ತಿದ್ದದ್ದು ಹಾಗೆಯೇ. ಮಕ್ಕಳು ಕಂಡದ್ದನ್ನು ಕಂಡ ಹಾಗೆ, ಒಂದು ಎಳೆಯೂ ಬಿಡದೆ ಕಲಿತಿದ್ದರು.

ಅಕ್ಕೋರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನನ್ನ ಕಡೆ ತಿರುಗಿ ಕೇಳಿದರು: "ಇವ್ರಿಗೆ ಬಿಕ್ಕಳಿಕಿ ಕಲಿಸಿದಾವ ಯಾಂವ?"

"ವೈಫೈ ಅಕ್ಕೋರ," ಎಂದು ಸನ್ನೆ ಮಾಡಿದೆ.

"ಹಂಗಾರ ಅದಕ್ಕ ಮೊದ್ಲ ನೀರ ಕುಡಸು."

ನಗುವಾಗಲೇ ಅವರ ಬೆರಳುಗಳು ಸೋತದ್ದು ಕಂಡಿತು. ಆ ತರಗತಿಗೆ ಅವರು ದ್ರಾಕ್ಷಿಯನ್ನು ಮೊದಲಿನಿಂದ ಕಲಿಸಬೇಕಾಯಿತು. ಕಲಿತದ್ದನ್ನು ಬಿಡಿಸುವ ಕೆಲಸ ಕಲಿಸುವ ಕೆಲಸಕ್ಕಿಂತ ದೀರ್ಘವಾಯಿತು. ಮಾತು ತುಂಡಾದರೆ ಕೇಳುವವರು ಹಿಂದುಮುಂದಿನದನ್ನು ಕೂಡಿಸಿಕೊಳ್ಳುತ್ತಾರೆ. ಸನ್ನೆಯಲ್ಲಿ ಚಲನೆಯೇ ಪದ. ಅದು ನಡುವೆ ನಿಂತರೆ ಕಲಿಯುವ ಮಗುವಿನ ಪಾಲಿಗೆ ನಿಂತದ್ದೂ ಪದದ ಭಾಗವೇ. ಈ ಸಾಮಾನ್ಯ ಸಂಗತಿಯನ್ನು ನನ್ನ ವಾದಸರಣಿ ಒಳಗೊಂಡಿರಲಿಲ್ಲ.

ಕಾರಣಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ವೈಫೈ ಪೆಟ್ಟಿಗೆಯ ಕಿಂಡಿ ಹಳೆಯ, ನಿಧಾನದ ಬಗೆಯದು. ಹಲವು ಕೋಣೆಗಳು ಒಟ್ಟಿಗೆ ಬೇಡಿದಾಗ ಆ ಸಣ್ಣ ದಾರಿಯನ್ನು ಎಲ್ಲವೂ ಹಂಚಿಕೊಳ್ಳಬೇಕು. ನಡುವೆ ಕರಿಕಲ್ಲಿನ ಗೋಡೆಗಳು. ಇದಲ್ಲದೆ ಸ್ವಲ್ಪ ಹೊತ್ತು ಯಾರೂ ಕೇಳದಿದ್ದರೆ ಡಿಸ್ಕು ತಿರುಗುವುದನ್ನು ನಿಲ್ಲಿಸಿ ಮಲಗುತ್ತದೆ. ಎಬ್ಬಿಸಿದರೆ ಮೈಮುರಿದು ಏಳಲು ಸಮಯ ತೆಗೆದುಕೊಳ್ಳುತ್ತದೆ. ವೈಫೈಯನ್ನು ಕೈಬಿಟ್ಟೆ.

ಆದರೆ ಡಿಸ್ಕು ಮಕ್ಕಳ ಬಳಿಗೆ ಹೋಗಬೇಕೆಂಬ ಹಟ ನನ್ನಲ್ಲಿ ಉಳಿದಿತ್ತು. ಸಭಾಂಗಣದಲ್ಲಿ ದೊಡ್ಡ ಟಿವಿ ಇದೆ, ಅದಕ್ಕೂ ಯುಎಸ್‌ಬಿ ಕಿಂಡಿ ಇದೆ. ಟಿವಿಯ ಕೆಳಗೆ ಡಿಸ್ಕು ಇಡಲು ಭದ್ರವಾದ ಜಾಗವಿರಲಿಲ್ಲ. ಆದ್ದರಿಂದ ಡಿಸ್ಕನ್ನು ಪಕ್ಕದ ಕಚೇರಿಯ ಮೇಜಿನ ಮೇಲಿರಿಸಿ, ಅದರ ಗೇಣುದ್ದದ ವಾಯರಿಗೆ ಉದ್ದನೆಯ ವಾಯರುಗಳನ್ನು ಒಂದಕ್ಕೊಂದು ಸೇರಿಸಿ, ಕಿಟಕಿಯಿಂದ ಹಾಯಿಸಿ ಟಿವಿಗೆ ಮುಟ್ಟಿಸಿದೆ. ಮೊದಲ ಎರಡು ಚಿತ್ರಗಳು ನೀರು ಹರಿದಂತೆ ಓಡಿದವು. ಮಕ್ಕಳು ಮುಂದೆ ಕುಳಿತಿದ್ದರು. ನಾನೂ ಅಕ್ಕೋರೂ ಕಚೇರಿಯಲ್ಲಿ ಡಿಸ್ಕಿನ ಪಕ್ಕ ನಿಂತು ಕಿಟಕಿಯಿಂದ ಟಿವಿ ನೋಡುತ್ತಿದ್ದೆವು. ಹೊರಗೆ ತಗಡಿನ ಮೇಲೆ ಮಳೆ ಹೊಡೆಯುತ್ತಿತ್ತು.

ಮೇಜಿನ ಮೇಲೆ ಕೈಯೂರಿದ್ದ ಅಕ್ಕೋರು ತಟ್ಟನೆ ನನ್ನ ತೋಳು ಹಿಡಿದರು. "ಇದು ನಡಗಾಕತ್ತೈತಿ."

ನನಗೆ ಮಳೆಯ ಸದ್ದಿನಲ್ಲಿ ಏನೂ ಕೇಳಿರಲಿಲ್ಲ. ಬಗ್ಗಿ ಕಿವಿಗೊಟ್ಟಾಗ ತಿಳಿಯಿತು: ಟಿಕ್, ಸ್ವಲ್ಪ ಬಿಡುವು, ಮತ್ತೆ ಟಿಕ್. ಡಿಸ್ಕು ತಿರುಗಲು ಹವಣಿಸಿ ಸೋಲುತ್ತಿತ್ತು. ಟಿವಿಯ ಪರದೆ ಕಪ್ಪಾಯಿತು. ಯಾವ ಸಾಧನವೂ ಜೋಡಣೆಯಾಗಿಲ್ಲ ಎಂಬ ಸಾಲು ಮೂಡಿತು. ವಾಯರನ್ನು ಕಿತ್ತು ಮತ್ತೆ ಚುಚ್ಚಲು ನಾನು ಕೈ ಚಾಚಿದೆ. ಅಕ್ಕೋರು ನನ್ನ ಮಣಿಕಟ್ಟಿನ ಮೇಲೆ ತಮ್ಮ ಕೈಯಿಟ್ಟರು.

"ಮತ್ತ ಹಚ್ಚಬ್ಯಾಡ. ಬಿದ್ದ ಮನಷ್ಯಾನ ಹಿಡದ ಎಬ್ಬಿಸಿ ಓಡಸ್ತಾರೇನು?"

ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಕಷ್ಟವಾಯಿತು.

ಮೌಶಿ ರೊಟ್ಟಿ ಕಟ್ಟುವ ದಪ್ಪ ಬಟ್ಟೆ ತಂದು ಡಿಸ್ಕನ್ನು ಸುತ್ತಿಕೊಟ್ಟರು. ನಾನೂ ಅಕ್ಕೋರೂ ಮಳೆ ನಿಂತ ಮೇಲೆ ಕೋರ್ಟಿನ ಕಡೆಯ ರಸ್ತೆಯಲ್ಲಿರುವ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋದೆವು. ನಾನು ವಾಯರುಗಳ ಸುರುಳಿಯನ್ನೂ ತೆಗೆದುಕೊಂಡು ಹೋಗಿದ್ದೆ. ಅಂಗಡಿಯವರು ಡಿಸ್ಕಿಗಿಂತ ಮೊದಲು ಅದನ್ನು ಎತ್ತಿ ನೋಡಿದರು.

"ಇದ್ಯಾಕ್ರಿ ಸರ್, ಎಮ್ಮಿ ಕಟ್ಟಾಕ ತಂದಿದ್ರೇನು?"

ನಾನು ನಡೆದದ್ದನ್ನು ವಿವರಿಸಿದೆ. ಅವರು ತಲೆದೂಗುತ್ತ, ಡಿಸ್ಕಿಗೆ ಅದರದೇ ಗಿಡ್ಡ ವಾಯರನ್ನು ಸಿಕ್ಕಿಸಿ, ತಮ್ಮ ಕಂಪ್ಯೂಟರಿನ ಹಿಂಬದಿಯ ಹೊಸ ಬಗೆಯ, ವೇಗದ ನೀಲಿ ಕಿಂಡಿಗೆ ಜೋಡಿಸಿದರು. ಕಿವಿಯನ್ನು ಡಿಸ್ಕಿನ ಹತ್ತಿರ ತಂದು ಕುಳಿತರು. ಅಕ್ಕೋರು ಎರಡು ಬೆರಳನ್ನು ಅದರ ಬೆನ್ನಿಗೆ ತಾಗಿಸಿದರು. ಒಂದೇ ರೋಗಿಯನ್ನು ಇಬ್ಬರು ಬೇರೆ ಬೇರೆ ವಿಧಾನದಿಂದ ಪರೀಕ್ಷಿಸುತ್ತಿದ್ದರು. ನಾನು ಏನೂ ಮಾಡಲಾಗದೆ ನಿಂತಿದ್ದೆ.

ಅಕ್ಕೋರ ಹುಬ್ಬು ಮೊದಲು ಸಡಿಲಾಯಿತು. "ತಿರಗಾಕತ್ತೈತಿ."

ಪರದೆಯ ಮೇಲೆ ಕಡತಗಳು ಒಂದೊಂದಾಗಿ ಮೂಡಿದವು.

"ಡಿಸ್ಕ್ ಸತ್ತಿಲ್ರಿ," ಅಂಗಡಿಯವರು ಹೇಳಿದರು. "ಹೊಟ್ಟಿಗೆ ಸಾಕಷ್ಟ ಸಿಕ್ಕಿಲ್ಲ. ಇದು ಕರೆಂಟ್‌ನೂ ಅದ ವಾಯರ್‌ನ್ಯಾಗಿಂದ ತಗೋತೈತಿ. ನೀವು ಅಷ್ಟ ಉದ್ದ ಮಾಡಿದ್ರ ದಾರ್ಯಾಗ ಸೋರಿ ಹೋಗತೈತಿ. ಟಿವಿ ಕಿಂಡಿ ಮೊದಲ ಚಿಕ್ಕಾಸ ಕೊಡೂ ಜಾತಿ, ಅದರಾಗ ಇದು."

"ಒಳಗೆ ಪೆಟ್ಟು ಬಿದ್ದಿದೆಯೇ?"

"ಅದನ್ನ ನಾ ಗ್ಯಾರಂಟಿ ಹೇಳಾಂಗಿಲ್ರಿ. ಮೊದಲ ಕಾಪಿ ಮಾಡ್ಕೋರಿ, ಆಮ್ಯಾಲ ಮಾತಾಡೂಣು. ಬೇಕಂದ್ರ ಇಲ್ಲೇ ಬಿಟ್ ಹೋಗ್ರಿ, ನಾ ಮಾಡಿ ಇಡ್ತೀನಿ."

ನಾನು ಅದನ್ನು ಸನ್ನೆಯಲ್ಲಿ ಅಕ್ಕೋರಿಗೆ ತಿಳಿಸಿದೆ. ಅವರು ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡರು. ಅಂಗಡಿಯವರಿಗೆ ಅನುವಾದ ಬೇಕಾಗಲಿಲ್ಲ.

"ಆತ್ ಬಿಡ್ರಿ," ಎಂದು ನಕ್ಕರು. "ಅಕ್ಕೋರು ಕೂಸನ್ನ ದವಾಖಾನ್ಯಾಗ ಒಂದನ್ನ ಬಿಟ್ ಹೋಗಾಂಗ ಕಾಣಂಗಿಲ್ಲ."

ಆ ಸಂಜೆ ಎಲ್ಲ ಆಯ್ಕೆಗಳನ್ನೂ ಮತ್ತೆ ಬರೆದು ನೋಡಿದೆ. ಈ ಬಾರಿ ಸಮಾನತೆ, ವೇಗ, ಆಧುನಿಕತೆ ಎಂಬ ಶೀರ್ಷಿಕೆಗಳನ್ನು ಬಿಟ್ಟು ಒಂದೇ ಪ್ರಶ್ನೆ ಇಟ್ಟುಕೊಂಡೆ: ಈ ಜೋಡಣೆ ಸೋತ ಕ್ಷಣದಲ್ಲಿ ಅಕ್ಕೋರ ಕೈಗೆ ಏನಾಗುತ್ತದೆ? ವೈಫೈ ಸೋತರೆ ಕೈ ನಿಲ್ಲುತ್ತದೆ. ಉದ್ದ ವಾಯರು ಸೋತರೆ ಕೈಯೇ ಇಲ್ಲವಾಗಬಹುದು. ಕೆಟ್ಟದ್ದರ ಬದಲಿಗೆ ಕಚೇರಿಗೆ ಬಂದಿದ್ದ ಕಂಪ್ಯೂಟರಿನ ಮುಂಬದಿಯ ಕಿಂಡಿಗಳು ಹಳೆಯ ಬಗೆಯವು. ಅವುಗಳ ವೇಗವೂ ಕಡಿಮೆ, ಕೊಡುವ ವಿದ್ಯುತ್ತೂ ಕಡಿಮೆ. ಒಂದು ಕಿಂಡಿಯನ್ನು ನಾಲ್ಕು ಮಾಡುವ ಯುಎಸ್‌ಬಿ ಹಬ್‌ನ ಕಥೆಯೂ ಅದೇ: ಅದಕ್ಕೆ ತನ್ನದೇ ಅಡಾಪ್ಟರ್ ಇಲ್ಲದಿದ್ದರೆ ಒಂದು ಊಟವನ್ನು ನಾಲ್ವರಿಗೆ ಬಡಿಸಿದ ಹಾಗೆ. ಉಳಿದದ್ದು ಹಿಂಬದಿಯ ನೀಲಿ ಕಿಂಡಿ, ಡಿಸ್ಕಿನೊಂದಿಗೆ ಬಂದ ಗಿಡ್ಡ ವಾಯರು. ನೇರ, ಹತ್ತಿರ, ನಡುವೆ ಯಾರೂ ಇಲ್ಲ.

ಹಾಗಾದರೆ ಮಕ್ಕಳು ಹೇಗೆ ನೋಡಬೇಕು? ಉತ್ತರ ಆ ಕಾಗದದ ಮೇಲೆಯೇ ಕಂಡಿತು. ನಾನು ಇಲ್ಲಿಯತನಕ ಡಿಸ್ಕಿನ ವಾಯರನ್ನು ಉದ್ದ ಮಾಡುತ್ತ ಬಂದಿದ್ದೆ. ಉದ್ದವಾಗಬೇಕಾದದ್ದು ಚಿತ್ರದ ವಾಯರು. ಡಿಸ್ಕು ಕಂಪ್ಯೂಟರಿಗೆ ಅಂಟಿಕೊಂಡೇ ಇರಲಿ. ಕಂಪ್ಯೂಟರಿನಿಂದ ಟಿವಿಗೆ ಎಚ್‌ಡಿಎಂಐ ವಾಯರು ಗೋಡೆ ದಾಟಿ ಹೋಗಲಿ. ಅದು ಸೋತರೆ ಪರದೆ ಕಪ್ಪಾದೀತು, ಡಿಸ್ಕಿಗೆ ಏನೂ ಆಗದು. ಇದರರ್ಥ ಎಲ್ಲ ಕೋಣೆಗಳಲ್ಲೂ ಏಕಕಾಲಕ್ಕೆ ಎಂಬ ನನ್ನ ಕನಸನ್ನು ಬಿಡುವುದು. ಅಕ್ಕೋರಿಗೆ ಅದನ್ನು ತುಸು ಬೇಸರದಿಂದಲೇ ಹೇಳಿದೆ.

"ಹುಡುಗೂರಿಗೆ ಕಾಲ ಅದಾವ," ಎಂದರು. "ಅವ್ರ ಬರ್ತಾರ."

ಎರಡನೆಯ ಪ್ರತಿಗಾಗಿ ಅಥಣಿ ಕಡೆಯ ದ್ರಾಕ್ಷಿ ವ್ಯಾಪಾರಿ ಪಾಲಕರೊಬ್ಬರು ಹೊಸ ಬಗೆಯ ಡಿಸ್ಕೊಂದನ್ನು ತಂದುಕೊಟ್ಟರು. ಒಳಗೆ ತಿರುಗುವ ತಟ್ಟೆ ಇಲ್ಲದ್ದು, ಹೊಸ ಮೊಬೈಲುಗಳಲ್ಲಿರುವಂಥ ಟೈಪ್-ಸಿ ಬಾಯಿಯದು. ನಮ್ಮ ಕಂಪ್ಯೂಟರಿಗೆ ಅಂಥ ಕಿಂಡಿ ಇರಲಿಲ್ಲ. ಒಂದು ತುದಿ ಟೈಪ್-ಸಿ, ಇನ್ನೊಂದು ತುದಿ ಸಾಮಾನ್ಯ ಅಗಲದ ಯುಎಸ್‌ಬಿ ಇರುವ ವಾಯರು ಕೊಂಡೆವು. ಡಿಸ್ಕು ಎಷ್ಟೇ ವೇಗದ್ದಾದರೂ ಕಂಪ್ಯೂಟರಿನ ಕಿಂಡಿ ಬಿಟ್ಟಷ್ಟೇ ಓಡುತ್ತದೆ ಎಂದು ಪಾಲಕರಿಗೆ ಸಂಕೋಚದಿಂದ ತಿಳಿಸಿದೆ. "ಓಡೂದ ಬ್ಯಾಡ್ರಿ ಸರ್, ಬೀಳದಿದ್ರ ಸಾಕು," ಎಂದು ಅವರು ಚಹಾ ಕುಡಿದು ಹೋದರು.

ಪ್ರತಿ ಮಾಡುವ ದಿನ ಬೆಳಿಗ್ಗೆಯೇ ಕುಳಿತೆವು. ಹಳೆಯ ಡಿಸ್ಕು ಒಂದು ನೀಲಿ ಕಿಂಡಿಯಲ್ಲಿ, ಹೊಸದು ಇನ್ನೊಂದರಲ್ಲಿ. ಕೀಲಿಮಣೆ, ಮೌಸು ಬಿಟ್ಟು ಉಳಿದದ್ದನ್ನೆಲ್ಲ ಕಳಚಿದೆ. ಕರೆಂಟು ಹೋದರೆ ಇನ್ವರ್ಟರು ಹಿಡಿಯುವ ಆ ಕ್ಷಣದಲ್ಲಿ ಕಂಪ್ಯೂಟರು ಆರದಂತೆ ಬೇರೆ ಯುಪಿಎಸ್ ಇರಿಸಿದೆ. ಎಲ್ಲವನ್ನೂ ಒಮ್ಮೆಲೇ ಎಳೆಯದೆ ಒಂದೊಂದು ಕಡತದ ಕಟ್ಟು ಮುಗಿದ ಮೇಲೆ ಡಿಸ್ಕಿಗೆ ಬಿಡುವು ಕೊಟ್ಟೆ. ಅಕ್ಕೋರು ಮೇಜಿನ ಮೇಲೆ ಅಂಗೈ ಇಟ್ಟು ಕಾವಲು ಕುಳಿತರು.

ನಡುವೆ ಮೌಶಿ ಮೊಬೈಲು, ಚಾರ್ಜರ್ ವಾಯರು ಹಿಡಿದು ಬಂದರು. "ಇಲ್ಲೊಂದ ತೂತ ಖಾಲಿ ಐತೆಲ್ರಿ ಸರ್."

ನಾನು ಬಾಯಿ ತೆರೆಯುವ ಮೊದಲೇ ಅಕ್ಕೋರು ಎದ್ದು ಕಂಪ್ಯೂಟರಿನ ಮುಂದೆ ತೋಳು ಚಾಚಿ ನಿಂತರು.

"ಅಯ್ಯ ನಮ್ಮವ್ವ," ಎಂದರು ಮೌಶಿ, "ನಾ ಏನ್ ನಿಮ್ಮ ಕೈ ಕಡ್ಕೊಂಡ್ ಹೊಂಟೇನೇನ?"

ಮಧ್ಯಾಹ್ನದ ಹೊತ್ತಿಗೆ ಒಂದನ್ನು ಬಿಟ್ಟು ಎಲ್ಲವೂ ದಾಟಿದವು. ಬೆಲ್ಲದ ಗಾಣದ ಚಿತ್ರ ಅರ್ಧಕ್ಕೆ ಸಿಕ್ಕಿಬಿದ್ದಿತು. ಎಷ್ಟು ಸಲ ಪ್ರಯತ್ನಿಸಿದರೂ ಅದೇ ಜಾಗದಲ್ಲಿ ಓದಲಾಗದು ಎಂಬ ಸೂಚನೆ ಬಂತು. ಉದ್ದ ವಾಯರಿನ ದಿನ ಬಿದ್ದ ಪೆಟ್ಟು ಅಲ್ಲಿತ್ತು.

ಉಳಿದವುಗಳ ಗಾತ್ರ ಎರಡೂ ಕಡೆ ಸರಿಹೊಂದುವುದನ್ನು ತೋರಿಸಿ, ಇವು ಸುರಕ್ಷಿತ ಎಂದೆ. ಅಕ್ಕೋರಿಗೆ ಅಷ್ಟು ಸಾಲಲಿಲ್ಲ. ಒಂದೊಂದು ಸನ್ನೆಯನ್ನೂ ಕಣ್ಣಿಂದ ನೋಡಿಯೇ ಒಪ್ಪುವುದಾಗಿ ಹೇಳಿದರು. ಹಲವು ಮಧ್ಯಾಹ್ನಗಳು ಅದಕ್ಕೆ ಸಂದವು. ಸೂರ್ಯ ಮುಳುಗುವ ಮೊದಲು ಊಟ ಮುಗಿಸುವುದು ಅವರ ನಿಯಮ. ಹೀಗಾಗಿ ಬಿಸಿಲು ಅಂಗಳದ ಗೋಡೆ ಹತ್ತುವುದೇ ನಮ್ಮ ಕೆಲಸದ ಗಂಟೆ. ಹಿಂದಿನ ನೀಳವಾದ, ಸರಾಗವಾದ ತಮ್ಮ ಬೆರಳುಗಳನ್ನು ನೋಡಿ ಅವರು ನೊಂದುಕೊಂಡಾರು ಎಂದು ನಾನು ಅಂಜಿದ್ದೆ. ಅವರು ಪರೀಕ್ಷೆಯ ಉತ್ತರಪತ್ರಿಕೆ ನೋಡುವವರಂತೆ ನೋಡುತ್ತಿದ್ದರು. ಆಗಾಗ ಮುಖ ಸಿಂಡರಿಸಿ, "ಇಲ್ಲಿ ಅವಸರ ಮಾಡೀನಿ," ಎನ್ನುತ್ತಿದ್ದರು.

ಕೊನೆಗೆ ಗಾಣದ ಪ್ರಶ್ನೆ ಬಂತು. ಆ ಸನ್ನೆಗೆ ಎರಡೂ ಕೈ ಬೇಕು: ಮೊದಲು ಕೊಪ್ಪರಿಗೆಯ ರಸ ತಿರುವುವ ಮಣಿಕಟ್ಟಿನ ಸುತ್ತು, ಆಮೇಲೆ ಬೆಲ್ಲದ ಅಚ್ಚನ್ನು ಸುತ್ತುವರಿಯುವ ಬೆರಳುಗಳ ಬಾಗು. ಕೊಲ್ಹಾಪುರಕ್ಕೋ ಪುಣೆಗೋ ಡಿಸ್ಕನ್ನು ಕಳಿಸಿ ಆ ಕಡತವನ್ನು ಮರಳಿ ಪಡೆಯಲು ಯತ್ನಿಸೋಣ ಎಂದೆ. ಅವರು ಒಪ್ಪಲಿಲ್ಲ. ತಾವೇ ಮತ್ತೆ ಮಾಡುವುದಾಗಿ ಹೇಳಿದರು.

ನಾನು ತಡೆದು ಸನ್ನೆ ಮಾಡಿದೆ: "ಮಕ್ಕಳು ಬಿಕ್ಕಳಿಕೆಯನ್ನೇ ಕಲಿತರು. ಬೆರಳಿನ ಬಿಗಿಯನ್ನೂ ಕಲಿತರೆ?"

ಈ ವಾದಕ್ಕೆ ಅವರು ತಮಾಷೆಯ ಉತ್ತರ ಕೊಡಲಿಲ್ಲ. ತಮ್ಮ ಬಿಗಿದ ಬೆರಳುಗಳನ್ನು ಒಮ್ಮೆ ಮಡಚಿ, ಬಿಡಿಸಿ ನೋಡಿದರು. ಆಮೇಲೆ ನಿಧಾನವಾಗಿ ಹೇಳಿದರು: "ಆ ಹೆದರಿಕಿ ನನಗೂ ಐತಿ. ಒಮ್ಮಿ ತೋರ್ಸಿ ನೋಡೂಣು. ಬಿಗೀನೂ ಕಲತರ ಅಳಿಸಿ ಬಿಡು."

ಮರುದಿನ ಅಂಗಳದಲ್ಲಿ ಚಿತ್ರಿಸಿದೆವು. ಮಣಿಕಟ್ಟು ಒಮ್ಮೆಗೆ ಸುತ್ತಲಿಲ್ಲ. ಸ್ವಲ್ಪ ಸ್ವಲ್ಪವಾಗಿ, ನೋವನ್ನು ದಾಟಿಕೊಂಡು ಸುತ್ತಿತು. ಕಿರುಬೆರಳು ಬಾಗದೆ ಹೊರಗೇ ಉಳಿಯಿತು. ಇನ್ನೊಮ್ಮೆ ಮಾಡೋಣವೇ ಎಂದು ಕೇಳಿದೆ, ಬೇಡವೆಂದರು. ಎರಡೂ ಡಿಸ್ಕುಗಳಿಗೆ ಹಾಕಿ, ಆ ಮಧ್ಯಾಹ್ನವೇ ಎಲ್ಲಕ್ಕಿಂತ ಸಣ್ಣವರ ತರಗತಿಯನ್ನು ಸಭಾಂಗಣಕ್ಕೆ ಕರೆತಂದೆವು. ಚಿತ್ರ ಎಲ್ಲಿಯೂ ನಿಲ್ಲದೆ ಓಡಿತು. ಅಕ್ಕೋರು ಟಿವಿಗೆ ಬೆನ್ನು ಮಾಡಿ ಮಕ್ಕಳ ಕೈಗಳನ್ನೇ ನೋಡುತ್ತ ನಿಂತರು.

ಮಕ್ಕಳು ಕೈಯೆತ್ತಿದರು. ಕೊಪ್ಪರಿಗೆಯ ರಸ ತಿರುಗಿತು. ಅಚ್ಚು ಮೂಡಿತು. ಎಳೆಯ ಕಿರುಬೆರಳುಗಳು ಉಳಿದ ಬೆರಳುಗಳ ಜೊತೆಗೇ ಬಾಗಿದವು. ಬೇರೆ ಸನ್ನೆಗಳನ್ನು ಹತ್ತಾರು ಸಲ ತೋರಿಸಿದರೂ ಎಡವುತ್ತಿದ್ದ ಆ ತರಗತಿ ಇದನ್ನು ಒಂದೇ ನೋಟಕ್ಕೆ ಹಿಡಿದಿತ್ತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಬಂದು, ಅಕ್ಕೋರ ಕಿರುಬೆರಳು ಮುಟ್ಟಿ, ನೋವೇ ಎಂದು ಕೇಳಿದಳು. ಸ್ವಲ್ಪ ಎಂದು ಅಕ್ಕೋರು ಹೇಳಿದರು. ಅವಳು ತಲೆಯಾಡಿಸಿ ಹೋಗಿ ಕುಳಿತಳು.

ಮಕ್ಕಳು ಹೋದ ಮೇಲೆ ಅಕ್ಕೋರು ಹೊಸ ಚಿತ್ರವನ್ನೂ ಹಳೆಯದೊಂದನ್ನೂ ಒಂದರ ಹಿಂದೊಂದು ಹಾಕಿಸಿ ನೋಡಿದರು. ಮತ್ತೊಮ್ಮೆ ಹಾಕಿಸಿದರು. ಪರದೆಯ ಮೇಲಿದ್ದ ತಮ್ಮ ಹಳೆಯ ಕೈಗಳ ಕಡೆ ಗದ್ದ ತಿರುಗಿಸಿದರು.

"ಈಕಿ ಭಾಳ ಅವಸರಲೆ ಮಾತಾಡ್ತಾಳ. ಸಣ್ಣವ್ರಿಗೆ ತಿಳ್ಯಾಂಗಿಲ್ಲ," ಎಂದರು. "ಅವ್ರಿಗೆ ಬ್ಯಾರೇನ ತಗಿಯೂಣು. ಎಲ್ಲಾ, ಮೊದಲಿಂದ. ಡಿಸ್ಕನ್ಯಾಗ ಜಾಗಾ ಐತಿಲ್ಲೋ?"

ಬೇಕಾದಷ್ಟಿದೆ ಎಂದು ನಾನು ಸನ್ನೆ ಮಾಡಿದೆ. ಅವರು ಸನ್ನೆಯಲ್ಲಿ ತಪ್ಪಿದ್ದ ನನ್ನ ಹೆಬ್ಬೆರಳನ್ನು ಹಿಡಿದು ಇರಬೇಕಾದ ಕಡೆಗೆ ತಿರುಗಿಸಿ, ಮತ್ತೊಮ್ಮೆ ಮಾಡಿಸಿ, ಸರಿ ಎಂದರು. ಬಿಸಿಲು ಗೋಡೆಯ ಮೇಲಂಚಿಗೆ ಹೋಗಿತ್ತು. ಅವರು ಊಟಕ್ಕೆ ನಡೆದರು. ನಾನು ಕ್ಯಾಮೆರಾದ ಬ್ಯಾಟರಿಯನ್ನು ಚಾರ್ಜಿಗೆ ಹಚ್ಚಿದೆ.